ಅಟ್ಟದ ಕೆಳಗೆ ಹಾಡಿದವಳು

ಆ ಹಾಡು ಹಾಡಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಗ ಯಾರ ಫೋನಿನಲ್ಲಿ ಅದನ್ನು ಹಾಕಿದರೂ ಕೇಳಿಸುವುದು ಕೃತಿಕಾ ಎಂಬವಳ ದನಿ. ಕೆಳಗೆ ಬರೆದೂ ಇದ್ದಾರೆ: ‘ಅಟ್ಟ ಬ್ಯಾಂಡಿನ ಮೊದಲ ಹಾಡುಗಳು. 2011ರಲ್ಲಿ ಪಂಚನಹಳ್ಳಿಯ ಕೊಬ್ಬರಿ ಅಟ್ಟದ ಕೆಳಗೆ ರೆಕಾರ್ಡ್ ಮಾಡಿದ್ದು. ಗಾಯಕಿ: ಕೃತಿಕಾ ಓಂಕಾರೇಶ್.’ 2011ರಲ್ಲಿ ಈ ಕೃತಿಕಾ ತರೀಕೆರೆಯಲ್ಲಿ ಎರಡು ಜಡೆ ಹಾಕಿಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದಳು. ನಮ್ಮ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದ ಓಂಕಾರೇಶನನ್ನು ಅವಳು ಮದುವೆಯಾಗಿದ್ದು ಮೊನ್ನೆ ಮೊನ್ನೆ. ಸುಳ್ಳು ಹೇಳುವವರು ಕೊನೇಪಕ್ಷ ಇಸವಿಯನ್ನಾದರೂ ನೋಡಿಕೊಳ್ಳಬೇಡವೇ?

ನನಗೆ ಇದು ಗೊತ್ತಾಗಿದ್ದು ಮಗಳಿಂದ. ಅಜ್ಜಂಪುರದ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದು ಬೀಜ, ಗೊಬ್ಬರದ ಅಂಗಡಿ. ಗಂಡ ಶಿವಕುಮಾರ್ ಸರಕು ತರಲು ಓಡಾಡುತ್ತಾನೆ, ಅಂಗಡಿಯಲ್ಲಿ ಕೂರುವವಳು ನಾನು. ಮಗಳು ಸ್ಪೂರ್ತಿ ಏಳನೇ ಕ್ಲಾಸು, ತರೀಕೆರೆಯ ಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವತ್ತು ಬಸ್ಸಿಳಿದು ಬಂದವಳೇ ಬ್ಯಾಗನ್ನು ಯೂರಿಯಾ ಮೂಟೆಯ ಮೇಲೆ ಎಸೆದಳು.

“ಕಾಲ್ ತೊಳ್ಕೊಂಡು ಬಾರೇ, ತಿಂಡಿ ಇಟ್ಟಿದೀನಿ” ಅಂದೆ.

ಅವಳು ಬೆನ್ನು ತಿರುಗಿಸಿಕೊಂಡು ಶೂ ಬಿಚ್ಚತೊಡಗಿದಳು.

“ಕಿವಿಗೇನ್ ಕೊಬ್ರಿ ತುರ್ಕೊಂಡಿದ್ಯೇನೇ? ನಿನಗೇ ಹೇಳ್ತಿರೋದು.”

ಇದು ನನ್ನ ಬೈಗುಳ. ಬೆಳಿಗ್ಗೆ ಎಬ್ಬಿಸುವಾಗ ಒಂದು ಸಲ, ಜಡೆ ಹಾಕುವಾಗ ಒಂದು ಸಲ, ಹೋಮ್‌ವರ್ಕಿಗೆ ಕೂರಿಸುವಾಗ ಒಂದು ಸಲ ನನ್ನ ಬಾಯಿಂದ ಬರುತ್ತಲೇ ಇರುತ್ತದೆ. ಅಜ್ಜಂಪುರದಲ್ಲಿ ಬೇರೆ ಯಾರೂ ಹೀಗೆ ಬೈಯುವುದಿಲ್ಲ. ಈರುಳ್ಳಿ ಬೆಳೆಯುವ ಊರಿನಲ್ಲಿ ಕೊಬ್ಬರಿ ಬೈಗುಳ ಯಾಕೆ ಎಂದು ಗಂಡನೇ ಎಷ್ಟೋ ಸಲ ರೇಗಿಸಿದ್ದಾನೆ.

ಸ್ಪೂರ್ತಿ ತಿರುಗಿ ನಿಂತಳು. ಕಣ್ಣು ಕೆಂಪಾಗಿತ್ತು. “ನೀನು ಸುಳ್ಳು ಹೇಳ್ದೆ” ಅಂದಳು.

ಆಗಿದ್ದಿಷ್ಟು. ಅವಳ ಸ್ಕೂಲಿಗೆ ಓಂಕಾರೇಶ, ಕೃತಿಕಾ ಇಬ್ಬರನ್ನೂ ಅತಿಥಿಗಳಾಗಿ ಕರೆದಿದ್ದರು. ಕೃತಿಕಾ ಅಲ್ಲೇ ಓದಿದವಳು, ಊರಿನ ಹೆಮ್ಮೆ ಇತ್ಯಾದಿ. ಆ ಹಾಡು ಹಾಕಿ, ಇದೇ ನಾನು ಮೊದಲು ಹಾಡಿದ್ದು ಎಂದಳಂತೆ. ಆ ಹಾಡಿನ ಸಾಲುಗಳನ್ನು ನಾನು ಹೇಳುವುದನ್ನು ಎಷ್ಟೋ ಸಲ ಕೇಳಿದ್ದ ನನ್ನ ಪೆದ್ದು ಮಗಳು ಎದ್ದು ನಿಂತು, “ಈ ಹಾಡು ನಮ್ಮಮ್ಮ ಹಾಡಿದ್ದು ಮಿಸ್” ಎಂದುಬಿಟ್ಟಿದ್ದಾಳೆ. ಕೃತಿಕಾ ನಗುತ್ತಾ, “ಪುಟ್ಟಾ, ನಿಮ್ಮ ಮಮ್ಮಿ ತಮಾಷೆಗೆ ಹೇಳಿರ್ಬೇಕು” ಎಂದಳಂತೆ. ಇಡೀ ಹಾಲ್ ನಕ್ಕಿತಂತೆ. ಓಂಕಾರೇಶ ಅಲ್ಲೇ ಕೂತಿದ್ದನಂತೆ. ಏನೂ ಹೇಳಲಿಲ್ಲವಂತೆ.

“ನಿಜ ಹೇಳಮ್ಮ. ನೀನು ಯಾವತ್ತಾದ್ರೂ ಹಾಡಿದ್ಯಾ?”

ನನ್ನ ಮಗಳು ನನ್ನನ್ನು ಕೇಳಿದ ಈ ಪ್ರಶ್ನೆಗೆ ಆ ಓಂಕಾರೇಶನ ಮೂಳೆ ಮುರಿದರೂ ನನ್ನ ಸಿಟ್ಟು ತಣಿಯುತ್ತಿರಲಿಲ್ಲ. ಅವಳದೂ ತಪ್ಪಲ್ಲ. ಅವಳು ಒಂದು ವರ್ಷದ ಕೂಸಾಗಿದ್ದಾಗ ನನಗೆ ಥೈರಾಯ್ಡ್ ಗಡ್ಡೆಯ ಆಪರೇಷನ್ ಆಯಿತು. ಗಡ್ಡೆ ದನಿಯ ನರಕ್ಕೆ ಸುತ್ತಿಕೊಂಡಿದೆ, ಜೀವ ಉಳಿಯುತ್ತದೆ, ದನಿ ಉಳಿಸುವ ಮಾತು ಕೊಡಲಾರೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೇ ಆಯಿತು. ಅಂದಿನಿಂದ ನಾನು ಮಾತಾಡಿದರೆ ತುಕ್ಕು ಹಿಡಿದ ಗೇಟು ತೆಗೆದಂತೆ. ಸ್ಪೂರ್ತಿ ಬುದ್ಧಿ ಬಂದಾಗಿನಿಂದ ಕೇಳಿರುವುದು ಈ ಗೇಟನ್ನೇ. ನನ್ನ ಹತ್ತಿರ ಹಾಡುಗಳ ಒಂದು ಸಿ.ಡಿ. ಇತ್ತು. ಅದನ್ನು ನಮ್ಮತ್ತೆ ಗಿಳಿ ಬೆದರಲಿ ಎಂದು ದಾರ ಕಟ್ಟಿ ಜೋಳದ ಹೊಲದಲ್ಲಿ ನೇತುಹಾಕಿದರು. ಬಿಸಿಲಿಗೆ ಪಳಪಳ ಹೊಳೆಯುತ್ತದಲ್ಲ, ಅದಕ್ಕೆ. ಆಸ್ಪತ್ರೆಯಿಂದ ಬಂದು ಹುಡುಕುವಷ್ಟರಲ್ಲಿ ಅದು ಅರ್ಧ ಮುರಿದು ಸೀಳು ಬಿಟ್ಟಿತ್ತು.

ಅಂಗಡಿಯ ಹಿಂದೆ ಹೋಗಿ ಓಂಕಾರೇಶನಿಗೆ ಫೋನ್ ಮಾಡಿದೆ. ಅವನದು ಈಗ ಕಡೂರಿನಲ್ಲಿ ಸ್ವಂತ ಸ್ಟುಡಿಯೊ.

“ಲೇ ಓಂಕಾರಿ, ನಾನ್ ಕಣೋ ವಿದ್ಯಾಶ್ರೀ.”

“ಓ, ವಿದ್ಯಾ! ಗೊತ್ತೇ ಆಗ್ಲಿಲ್ಲ. ಶೀತ ಆಗಿದ್ಯಾ?”

ನನ್ನ ಗಂಟಲಿನ ವಿಷಯ ಅವನಿಗೆ ಚೆನ್ನಾಗಿ ಗೊತ್ತು. ಬೇಕೆಂದೇ ಕೇಳಿದ.

“ನನ್ ಹಾಡಿಗೆ ನಿನ್ ಹೆಂಡ್ತಿ ಹೆಸರ್ಯಾಕೋ ಹಾಕಿದ್ಯಾ?”

“ನೋಡು, ನಿನ್ನ ವಾಯ್ಸ್ ಇದ್ದ ಫೈಲ್ ಎಲ್ಲಾ ಹಾಳಾಗೋಗಿದ್ವು. ಗಿಟಾರ್, ಡ್ರಮ್ ಮಾತ್ರ ಉಳ್ದಿದ್ದು. ಅದಕ್ಕೇ ಕೃತಿಕಾ ಹತ್ರ ಹಾಡಿಸ್ದೆ.”

“ಹಾಡ್ಸು. ಹೊಸ್ದಾಗಿ ಹಾಡ್ಸಿದ್ದು ಅಂತ ಬರಿ. 2011 ಅಂತ ಯಾಕ್ ಬರ್ದೆ? ರಾಗ ಕಟ್ಟಿದ್ದು ಯಾರೋ?”

“ನೀನು ಅಂತ ಪ್ರೂಫ್ ಏನಿದೆ?” ಅಂದ ತಣ್ಣಗೆ. “ಒಂದ್ ತುಣುಕು ಇದ್ರೆ ತಂದು ಕೇಳ್ಸು, ನಾನೇ ಹೆಸರು ಹಾಕ್ತೀನಿ. ಬೇಜಾರ್ ಮಾಡ್ಕೋಬೇಡ ವಿದ್ಯಾ, ಈಗ ನಿನ್ ಗಂಟ್ಲು ಕೇಳಿದ್ರೆ ಯಾರ್ ನಂಬ್ತಾರೆ ಹೇಳು? ನಿನ್ ಮಗಳೇ ನಂಬಲ್ಲ.”

ಫೋನ್ ಕಟ್ ಮಾಡಿದ. ನಾನು ಬೈಯಬೇಕೆಂದುಕೊಂಡಿದ್ದೆಲ್ಲ ಗಂಟಲಲ್ಲೇ ಉಳಿಯಿತು. ಜೋರಾಗಿ ಕೂಗಲು ಹೋದರೆ ನನ್ನ ದನಿ ಪೂರ್ತಿ ನಿಂತೇ ಹೋಗುತ್ತದೆ, ಬರೀ ಗಾಳಿ ಬರುತ್ತದೆ. ಸಿಟ್ಟಿರುವ ಹೆಂಗಸಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಹಳೆಯದನ್ನು ಸ್ವಲ್ಪ ಹೇಳಬೇಕು. ಕಡೂರಿನಲ್ಲಿ ಕಾಲೇಜು ಓದುವಾಗ ನಾವು ಮೂವರು ಸೇರಿ ಕಟ್ಟಿದ ಬ್ಯಾಂಡು ಅದು. ಓಂಕಾರೇಶ ಗಿಟಾರ್, ಪರಮೇಶ್ ಡ್ರಮ್, ನಾನು ಹಾಡು. ಸಾಫ್ಟ್ ರಾಕ್ ಎಂದು ಓಂಕಾರೇಶ ಹೇಳುತ್ತಿದ್ದ. ಗಿಟಾರ್ ಇರಬೇಕು, ಡ್ರಮ್ ಇರಬೇಕು, ಆದರೆ ಯಾರೂ ಕಿರುಚಬಾರದು, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹಾಡಬೇಕು. ಪಂಚನಹಳ್ಳಿಯಲ್ಲಿ ಅವನ ತಾತ ಕರಿಸಿದ್ದಪ್ಪನವರದು ದೊಡ್ಡ ಕೊಬ್ಬರಿ ಮನೆ. ತೆಂಗಿನಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ವರ್ಷ ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ತಲೆಯ ಮೇಲೆ ಅಷ್ಟೊಂದು ಕಾಯಿ ತುಂಬಿದ್ದರಿಂದ ಆ ಅಟ್ಟದ ಕೆಳಗೆ ಸದ್ದು ಮಾರ್ದನಿಸುತ್ತಿರಲಿಲ್ಲ. ಯಾವ ಸ್ಟುಡಿಯೊವೂ ಬೇಕಿರಲಿಲ್ಲ. ಪರಮೇಶ್ ಒಣಗಿದ ಎರಡು ಕಾಯಿ ಹಿಡಿದು ಅಲ್ಲಾಡಿಸಿಯೇ ತಾಳ ಹಾಕುತ್ತಿದ್ದ. ಅವನು ಈಗ ಎಲ್ಲಿದ್ದಾನೋ, ಸಾಕ್ಷಿಗೆ ಕರೆಯೋಣವೆಂದರೆ ನಂಬರೂ ಇಲ್ಲ.

ಹಾಡು ಕಟ್ಟುವಾಗ ಅಂಗೈಯಷ್ಟು ದೊಡ್ಡ ರೆಕಾರ್ಡರನ್ನು ಮಧ್ಯೆ ಇಟ್ಟುಬಿಡುತ್ತಿದ್ದೆವು. ನಮ್ಮ ಹಾಡು, ತಪ್ಪು, ಜಗಳ ಎಲ್ಲ ಒಟ್ಟಿಗೆ ಅದರ ಕಾರ್ಡಿಗೆ ಹೋಗುತ್ತಿತ್ತು. ಹಾಡು ಪಕ್ಕಾ ಆದ ಮೇಲೆ ಕಂಪ್ಯೂಟರಿಗೆ ಒಬ್ಬೊಬ್ಬರದೇ ಬೇರೆಬೇರೆಯಾಗಿ ರೆಕಾರ್ಡ್. ನನ್ನ ದನಿಯನ್ನು ತೆಗೆದು ಹೆಂಡತಿಯ ದನಿ ಅಂಟಿಸಲು ಓಂಕಾರೇಶನಿಗೆ ಸುಲಭವಾಗಿದ್ದು ಅದರಿಂದಲೇ. ಆ ಅಂಗೈ ರೆಕಾರ್ಡರ್ ಮಾತ್ರ ಯಾವಾಗಲೂ ಕೊಬ್ಬರಿ ಮನೆಯ ಗೂಡಿನಲ್ಲೇ ಇರುತ್ತಿತ್ತು. ಇದು ನನಗೆ ಆ ಸಂಜೆ ಬದನೆ ಬೀಜದ ಪೊಟ್ಟಣ ಕಟ್ಟುವಾಗ ನೆನಪಾಯಿತು.

ಭಾನುವಾರ ಸ್ಪೂರ್ತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಬೀರೂರು ದಾಟಿ, ಕಡೂರು ದಾಟಿ, ಪಂಚನಹಳ್ಳಿ ರಸ್ತೆ ಹಿಡಿದರೂ ಅವಳು ನನ್ನನ್ನು ಹಿಡಿದುಕೊಳ್ಳದೆ ಹಿಂದಿನ ಕಂಬಿ ಹಿಡಿದೇ ಕೂತಿದ್ದಳು. ಕಡೂರಿನಲ್ಲಿ ಓಂಕಾರೇಶನ ಸ್ಟುಡಿಯೊ ಬೋರ್ಡು ಕಂಡಾಗ ನಾನು ಅದರ ಕಡೆ ತಿರುಗಿ ಉಗಿದೆ. ಹೆಲ್ಮೆಟ್ ಇದೆ ಎಂಬುದು ಮರೆತುಹೋಗಿತ್ತು. ಹಿಂದಿನಿಂದ ನಗು ಕೇಳಿಸುತ್ತದೇನೋ ಎಂದು ಕಾದೆ. ಕೇಳಿಸಲಿಲ್ಲ.

ಕೊಬ್ಬರಿ ಮನೆಯ ಜಗಲಿಯಲ್ಲಿ ಓಂಕಾರೇಶನ ಅಜ್ಜಿ ತೀರ್ಥಮ್ಮ ಕೂತಿದ್ದರು. ಕರಿಸಿದ್ದಪ್ಪನವರು ಹೋದ ಮೇಲೆ ಮನೆಯ ಯಜಮಾನಿಕೆ ಅವರದೇ. ಆ ಕಾಲದಲ್ಲೂ ಅವರಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನಾನು ಕುರುಬರ ಹುಡುಗಿ, ಅವರ ಮೊಮ್ಮಗನಿಗೆ ಗದರಿಸಿ ಮಾತಾಡುತ್ತಿದ್ದೆ. ಕಾಫಿ ಕೊಡುತ್ತಿದ್ದರು, ಆದರೆ ಅದು ಅಟ್ಟದ ಮನೆಗೇ ಬರುತ್ತಿತ್ತು. ಒಳಗೆ ಬಾ ಎಂದು ಒಂದು ದಿನವೂ ಕರೆದವರಲ್ಲ.

“ಯಾರವ್ವ? ಓ, ನೀನಾ. ಏನ್ ಗಂಟ್ಲೇ ಇದು, ಗರಗಸ ಎಳ್ದಂಗೈತೆ.”

“ಗೂಡಲ್ಲಿ ಒಂದು ಸಣ್ಣ ರೆಕಾರ್ಡರ್ ಇತ್ತಲ್ಲ ಅಜ್ಜಿ, ಅದು ಬೇಕಿತ್ತು.”

“ಅದು ಯಾವತ್ತೋ ಕೆಟ್ಟೋಯ್ತು. ಗುಜ್ರಿಯವ್ನಿಗೆ ಹಾಕ್ದೆ.”

ತೀರ್ಥಮ್ಮ ಅಡಿಕೆ ಚೂರು ಬಾಯಿಗೆ ಹಾಕಿಕೊಂಡು, ನನ್ನ ಮುಖ ನೋಡಿ ಖುಷಿಪಟ್ಟು, ಆಮೇಲೆ ಉಳಿದದ್ದು ಹೇಳಿದರು.

“ಒಳಗೊಂದು ಕಾರ್ಡ್ ಇತ್ತು ನೋಡು, ಅದನ್ನ ನಮ್ಮ ಹೊಲ ಮಾಡೋ ದೊಡ್ಡಬೀರಪ್ಪ ಈಸ್ಕೊಂಡು ಹೋದ. ಹಂದಿ ಪೆಟ್ಟಿಗೆಗೆ ಬೇಕಂತೆ. ನಾಯಿ ಬೊಗ್ಳೋದು ತುಂಬ್ಸಿರ್ತಾನೆ ಈಗ. ಇನ್ನೂ ನಿಂದೇ ಇದ್ರೂ ಒಳ್ಳೇದೇ ಬಿಡು. ನಿನ್ ಹಾಡು ಹಂದಿ ಓಡ್ಸಕ್ಕಾದ್ರೂ ಆಯ್ತಲ್ಲ.”

ಸ್ಪೂರ್ತಿ ನನ್ನ ಕೈ ಬಿಟ್ಟು ರಸ್ತೆ ನೋಡುತ್ತಾ ನಿಂತಳು. ವಯಸ್ಸಾದವರು ಎಂದು ಸುಮ್ಮನಾದೆ. ಇಲ್ಲದಿದ್ದರೆ ಆ ಅಡಿಕೆ ಚೂರು ಅವರ ಗಂಟಲಿಗೇ ಸಿಕ್ಕಿಕೊಳ್ಳುವ ಹಾಗೆ ಬೈಯುತ್ತಿದ್ದೆ.

ಹಂದಿ ಪೆಟ್ಟಿಗೆ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಚಾರ್ಜ್ ಮಾಡುವ ಮೈಕು, ಮರಕ್ಕೆ ಕಟ್ಟುತ್ತಾರೆ. ಅದರಲ್ಲಿ ನಾಯಿ ಬೊಗಳುವುದೋ, ಜನ ಹೋ ಎಂದು ಕೂಗುವುದೋ ರೆಕಾರ್ಡ್ ಹಾಕಿಟ್ಟರೆ ಕತ್ತಲಾದ ಮೇಲೆ ಬೆಳೆಗೆ ಕಾಡುಹಂದಿ ಇಳಿಯುವುದಿಲ್ಲ. ನಮ್ಮ ಅಂಗಡಿಯಲ್ಲೇ ನಾನು ಎಷ್ಟೋ ಜನಕ್ಕೆ ಇದನ್ನು ಮಾರಿದ್ದೇನೆ. ಮಾರುವಾಗ ಒಳಗೆ ಯಾರ ದನಿ ಹೋಗಿ ಕೂರುತ್ತದೆಂದು ಯಾವತ್ತೂ ಯೋಚಿಸಿರಲಿಲ್ಲ.

ಹೊಲ ಊರಾಚೆ, ತೆಂಗಿನ ತೋಟ ದಾಟಿದ ಮೇಲೆ. ಕಡಲೆಕಾಯಿ ಕೀಳಲು ಬಂದಿತ್ತು. ಬದುವಿನ ಬೇವಿನ ಮರಕ್ಕೆ ಪೆಟ್ಟಿಗೆ ನೇತಾಡುತ್ತಿತ್ತು, ಅದಕ್ಕೆ ಮಳೆ ತಾಗದಂತೆ ಗೊಬ್ಬರದ ಚೀಲ ಹೊದಿಸಿತ್ತು. ಕೆಳಗೆ ಬೀಡಿ ಸೇದುತ್ತಾ ಕೂತಿದ್ದವನೇ ದೊಡ್ಡಬೀರಪ್ಪ. ವಿಷಯ ಹೇಳಿ, ಕಾರ್ಡು ಬೇಕು ಎಂದೆ.

“ಕೊಡಕ್ಕಾಗಲ್ಲ” ಅಂದ ಮುಖ ನೋಡದೆ. “ಕಾಯ್ ಕಿತ್ತು ಮನೆಗೆ ಹೋಗೋವರ್ಗೂ ಅದನ್ನ ಮುಟ್ಬ್ಯಾಡ.”

“ನಾಯಿ ಬೊಗಳೋದು ಯಾವ ಕಾರ್ಡಲ್ಲಾದ್ರೂ ಹಾಕ್ಕೊಬೋದು. ಬೇರೆ ಕಾರ್ಡ್ ನಾನ್ ಕೊಡ್ತೀನಿ.”

“ನಾಯಿ ಯಾರಿಗ್ ಬೇಕು? ಮೊದ್ಲು ನಾಯೀನೇ ಹಾಕಿದ್ವಿ. ನಾಕ್ ದಿನ ಹೆದರ್ಕೊಂಡ್ವು, ಆಮೇಲೆ ಪೆಟ್ಟಿಗೆ ಬುಡದಾಗೇ ಕೆದರ್ತಿದ್ವು. ಈ ಕಾರ್ಡಿನಾಗೆ ಒಬ್ಳು ಬಜಾರಿ ಅವ್ಳೆ ಕಣವ್ವ. ಸಣ್ಣಕೆ ಹಾಡ್ತಾಳೆ, ಹಾಡ್ತಾಳೆ, ಇದ್ದಕ್ಕಿದ್ದಂಗೆ ನಿಲ್ಸಿ ಬೈಯಕ್ ಶುರು ಮಾಡ್ತಾಳೆ. ಯಾವಾಗ್ ಹಾಡ್ತಾಳೋ ಯಾವಾಗ್ ಬೈತಾಳೋ ಹಂದಿಗೆ ಅಂದಾಜೇ ಸಿಗಾಕಿಲ್ಲ. ಹೊಲದಾಗೆ ಯಾರೋ ಅವ್ರೆ ಅಂತ ಒಂದೂ ಇಳಿಯಲ್ಲ. ಒಂದೊಂದ್ಸಲ ನಾನೇ ಬೆಚ್ಚಿಬಿದ್ದಿದೀನಿ.”

“ಅದು ನಾನು.”

ದೊಡ್ಡಬೀರಪ್ಪ ಈಗ ಮುಖ ನೋಡಿದ. “ಏನು?”

“ಆ ದನಿ ನಂದು.”

ಬೀಡಿ ಹೊಗೆ ನೆತ್ತಿಗೇರಿ ಕೆಮ್ಮುವಷ್ಟು ನಕ್ಕ. “ನಿಂದಾ? ಈ ಗಂಟ್ಲಾ? ಚೆನ್ನಾಗೈತೆ ಬಿಡವ್ವ.”

ಸ್ಪೂರ್ತಿ ತಲೆ ತಗ್ಗಿಸಿದಳು. ಆ ವಾರದಲ್ಲಿ ನನ್ನಿಂದಾಗಿ ಅವಳು ಎರಡನೇ ಸಲ ನಗುವಿನ ಮುಂದೆ ನಿಂತಿದ್ದಳು. ದೊಡ್ಡಬೀರಪ್ಪನನ್ನು ಅವನ ಪೆಟ್ಟಿಗೆಯ ಜೊತೆಗೇ ಮರಕ್ಕೆ ಕಟ್ಟಬೇಕೆನಿಸಿತು.

“ಹಾಕು. ಕೇಳೇ ಹೋಗ್ತೀನಿ.”

“ಹೊತ್ತು ಮುಳುಗ್ಲಿ. ಈಗ್ಲೇ ಹಾಕಿದ್ರೆ ಬೆಳಗಾಗೋವರ್ಗೂ ಚಾರ್ಜ್ ನಿಲ್ಲಲ್ಲ.”

ಬದುವಿನ ಮೇಲೆ ಕೂತೆವು. ಅವನು ಆ ಕಡೆ, ನಾವು ಈ ಕಡೆ. ಮೂವರಲ್ಲಿ ಯಾರಿಗೂ ಯಾರೂ ಬೇಕಾಗಿರಲಿಲ್ಲ. ಸ್ಪೂರ್ತಿ ಬದುವಿನ ಹುಲ್ಲು ಕೀಳುತ್ತಾ ಮೆಲ್ಲಗೆ ಕೇಳಿದಳು. “ಅದ್ರಲ್ಲೂ ಕೃತಿಕಾನೇ ಇದ್ರೆ?”

ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೇ ಹೆದರಿಕೆಯಾಯಿತು. ದನಿ ಹೋಗಿ ಎಷ್ಟೋ ಕಾಲವಾಗಿತ್ತು. ಎಲ್ಲರೂ ಇಲ್ಲ ಇಲ್ಲ ಎನ್ನುತ್ತಿದ್ದರೆ, ನಾನು ಹಾಡಿದ್ದೆನೋ ಇಲ್ಲವೋ ಎಂದು ನನಗೇ ಅನುಮಾನ ಬರುವ ಮಟ್ಟಕ್ಕೆ ಬಂದಿದ್ದೆ. ಮಗಳು ಕೂಡ ನಂಬದಿದ್ದರೆ ಆ ದನಿ ಇದ್ದೂ ಏನು ಬಂತು?

ತೆಂಗಿನ ಗರಿಗಳ ಹಿಂದೆ ಸೂರ್ಯ ಇಳಿದ. ದೊಡ್ಡಬೀರಪ್ಪ ಎದ್ದು, ಚೀಲ ಸರಿಸಿ ಗುಂಡಿ ಒತ್ತಿದ.

ಮೊದಲು ಗರ್ರ್ ಎಂಬ ಸದ್ದು. ಆಮೇಲೆ ಗುಡು, ಗುಡು, ಗುಡು. ಅದು ಪರಮೇಶ್ ಅಲ್ಲಾಡಿಸುತ್ತಿದ್ದ ಒಣ ಕಾಯಿ. ಅದರ ಮೇಲೆ ಗಿಟಾರ್ ಬಂತು. ಅದರ ಮೇಲೆ ಒಂದು ಹುಡುಗಿಯ ದನಿ.

‘ಬೀರೂರಲ್ಲಿ ರೈಲು ನಿಂತಿದೆ, ಇಳಿಯೋದಾದ್ರೆ ಈಗಲೇ ಇಳಿ. ಕಾಫಿ ಆರಿ ಹೋಗೋ ಮುಂಚೆ ಒಂದು ಮಾತು ಆಡಿಬಿಡು...’

ನನಗೇ ಗುರುತು ಸಿಗಲಿಲ್ಲ. ಇಷ್ಟು ತಿಳಿಯಾಗಿತ್ತೇ? ಯಾವ ಕಷ್ಟವೂ ಇಲ್ಲದೆ, ಬಿಂದಿಗೆಯಿಂದ ನೀರು ಬಗ್ಗಿಸಿದಂತೆ ಹಾಡುತ್ತಿದ್ದಾಳೆ. ಆ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಸ್ಪೂರ್ತಿಯ ಕಡೆ ನೋಡಿದೆ. ಅವಳು ಪೆಟ್ಟಿಗೆಯನ್ನೇ ನೋಡುತ್ತಿದ್ದಳು, ಆದರೆ ಯಾರದೋ ಹಾಡು ಕೇಳುವ ಮುಖ ಅದು.

“ಚೆನ್ನಾಗಿದೆ” ಅಂದಳು. “ಕೃತಿಕಾ ಅಲ್ಲ. ಆದ್ರೆ ನೀನು ಅಂತ...”

ಅಷ್ಟರಲ್ಲಿ ಗಿಟಾರ್ ಎಲ್ಲೋ ತಪ್ಪಿತು. ಹಾಡು ಥಟ್ಟನೆ ನಿಂತಿತು. ಇಡೀ ಹೊಲಕ್ಕೆ ಕೇಳುವಂತೆ ಪೆಟ್ಟಿಗೆ ಅರಚಿತು.

“ಲೇ ಓಂಕಾರಿ! ನಿಲ್ಸೋ! ಕಿವಿಗೇನ್ ಕೊಬ್ರಿ ತುರ್ಕೊಂಡಿದ್ಯೇನೋ? ‘ಇಳಿ’ ಅನ್ನೋ ಹತ್ರ ಕೆಳಗಿಳೀಬೇಕು, ನೀನ್ಯಾಕೋ ಮೇಲ್ ಹತ್ತೀಯಾ? ರಾಗ ಕಟ್ಟಿದ್ದು ನಾನು, ನಾನ್ ಹೇಳ್ದಂಗ್ ನುಡ್ಸು!”

“ತಪ್ಪಾಯ್ತು ಮಾರಾಯ್ತಿ, ಇನ್ನೊಂದ್ಸಲ ಹೇಳ್ಕೊಡು” ಎಂದಿತು ಓಂಕಾರೇಶನ ಎಳೆ ದನಿ.

ಸ್ಪೂರ್ತಿ ಎದ್ದು ನಿಂತಿದ್ದಳು. ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಬೆಳಿಗ್ಗೆ ನಾನು ಬೈದರೆ ಮುಸುಕೆಳೆದುಕೊಳ್ಳುವ ಹುಡುಗಿ, ಆ ಬೈಗುಳಕ್ಕೆ ಬಾಯಿ ಬಿಟ್ಟುಕೊಂಡು ನಿಂತಿದ್ದಳು.

“ಅಮ್ಮಾ! ನೀನೇ! ಅದು ನೀನೇ ಕಣಮ್ಮಾ!”

ದೊಡ್ಡಬೀರಪ್ಪನ ಬೀಡಿ ಆರಿಹೋಗಿತ್ತು. ನಾನು ಬಾಯಿ ತೆರೆದಿದ್ದರೆ ಅಳುತ್ತಿದ್ದೆ, ಅವನೆದುರು ಅಳಲು ನನಗೆ ಇಷ್ಟವಿರಲಿಲ್ಲ. ಸ್ಪೂರ್ತಿ ನನ್ನ ಬ್ಯಾಗಿನಿಂದ ಫೋನ್ ತೆಗೆದು ರೆಕಾರ್ಡ್ ಮಾಡಲು ಹೊರಟಳು. ಕಿತ್ತುಕೊಂಡೆ. ಮೊದಲು ಆಗಬೇಕಾದ ಕೆಲಸ ಬೇರೆ ಇತ್ತು. ಓಂಕಾರೇಶನ ನಂಬರು ಒತ್ತಿದೆ.

“ಮತ್ತೇನ್ ವಿದ್ಯಾ” ಅಂದ ಓಂಕಾರೇಶ, ಬೇಸರದ ದನಿಯಲ್ಲಿ. “ಭಾನುವಾರನೂ ಬಿಡಲ್ವಾ?”

ತೋಳೆತ್ತಿ ಫೋನನ್ನು ಪೆಟ್ಟಿಗೆಯ ಬಾಯಿಗೆ ಹಿಡಿದೆ. ಅಲ್ಲಿ ಎರಡನೇ ಸಲ ಹಾಡು ಶುರುವಾಗಿ, ಅದೇ ಜಾಗದಲ್ಲಿ ಗಿಟಾರ್ ಮತ್ತೆ ತಪ್ಪಿತು.

“ಥೂ ನಿನ್ನ! ಮತ್ತೆ ಅದೇ ತಪ್ಪು! ಈ ಹಾಡು ನಿನ್ ಕೈಗೆ ಕೊಟ್ಟಿದ್ದೇ ದಂಡ ಕಣೋ ಓಂಕಾರಿ. ಕಳ್ಳನ ಥರ ಬಚ್ಚಿಟ್ಕೊಂಡ್ ನುಡಿಸ್ಬೇಡ, ಎದೆ ಎತ್ತಿ ನುಡ್ಸು!”

ಆ ದಿನ ಅಟ್ಟದ ಕೆಳಗೆ ಬರೀ ಗಿಟಾರಿಗೆಂದು ಬೈದ ಮಾತು ಅದು. ಇಷ್ಟು ವರ್ಷ ಕಾದು ಸರಿಯಾದ ಹೊತ್ತಿಗೆ ಬಂದಿತ್ತು. ನನ್ನ ಈಗಿನ ಗಂಟಲಿಗೆ ಆಗದ್ದನ್ನು ಆ ಹುಡುಗಿ ಉಸಿರೂ ಕಟ್ಟದೆ ಹೇಳಿಬಿಟ್ಟಳು. ಫೋನನ್ನು ಕಿವಿಗಿಟ್ಟುಕೊಂಡೆ.

“ಎಲ್... ಎಲ್ಲಿ ಸಿಕ್ತು ಅದು?” ಅಂದ ಓಂಕಾರೇಶ. “ವಿದ್ಯಾ, ನೋಡು, ಕೂತು ಮಾತಾಡಣ. ಹೆಸರು ತಾನೆ, ಹಾಕಣ. ಯಾರಿಗೂ ಕೇಳಿಸ್ಬೇಡ...”

ಮತ್ತೆ ಪೆಟ್ಟಿಗೆಯ ಬಾಯಿಗೇ ಹಿಡಿದೆ. ಇನ್ನೊಂದು ಬೈಗುಳ ಬಿತ್ತು. ಫೋನ್ ಕಟ್ಟಾಯಿತು.

“ಫೋನಿನಾಗೆ ಯಾರವ್ವ?” ಎಂದು ದೊಡ್ಡಬೀರಪ್ಪ ಕೇಳಿದ.

“ಒಂದು ಹಂದಿ” ಅಂದೆ. “ಓಡೋಯ್ತು.”

ಸ್ಪೂರ್ತಿ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಮರದ ಬುಡಕ್ಕೆ ಹೋಗಿ, ತುದಿಗಾಲಲ್ಲಿ ನಿಂತು, ಪೆಟ್ಟಿಗೆಗೆ ಹಿಡಿದಳು. ಸೋಮವಾರ ಅದು ತರೀಕೆರೆಯ ಸ್ಕೂಲಿಗೆ ಹೋಗುತ್ತದೆಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ನನಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ. ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದೆನಲ್ಲ, ಒಂದೊಂದಾಗಿ ಹೊರಬರತೊಡಗಿತು. ಓಂಕಾರೇಶನಿಗೆ, ಕೃತಿಕಾಳಿಗೆ, ತೀರ್ಥಮ್ಮನಿಗೆ, ಸಿ.ಡಿ. ನೇತುಹಾಕಿದ ಅತ್ತೆಗೆ, ನನ್ನ ಒಡಕು ಗಂಟಲಲ್ಲಿ ಬೈಯುತ್ತಾ ನಿಂತೆ.

“ಶ್! ಸುಮ್ನಿರಮ್ಮ” ಎಂದಳು ಮಗಳು ತಿರುಗಿ ನೋಡದೆ. “ನೀನ್ ಹಾಡ್ತಿದ್ದೀಯ.”